ಕೇಸಿನ ಮೇಲೆ ತಾರೀಖು ಸ್ಕ್ಯಾನ್ ಆಗಲಿ, ರೋಬೋಟ್ ಆಮೇಲೆ ಬರಲಿ

ಕೂಲ್‌ಡ್ರಿಂಕ್ಸ್ ಗೋಡೌನ್ ಅಂದ್ರೆ ಕೇಸ್ ಇಳಿಸೋದು, ಕೇಸ್ ಹತ್ತಿಸೋದು ಅಷ್ಟೇ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಒಳಗಿರುವ ನಮಗೆ ಗೊತ್ತು, ಇದು ತಾರೀಖಿನ ವ್ಯಾಪಾರ. ಕೇಸ್ ಎತ್ತಲು ರೋಬೋಟ್ ತರುವ ಮಾತು ಆಮೇಲೆ, ಮೊದಲು ಯಾವ ಕೇಸು ಯಾವ ತಾರೀಖಿನದು ಅಂತ ಗೊತ್ತಾಗಬೇಕು.

ಪ್ಲಾಸ್ಟಿಕ್ ಬಾಟಲಿಯಲ್ಲಿ ಗ್ಯಾಸ್ ಬಹಳ ದಿನ ನಿಲ್ಲುವುದಿಲ್ಲ. ಮುಚ್ಚಳ ಎಷ್ಟೇ ಬಿಗಿಯಾಗಿರಲಿ, ಪ್ಲಾಸ್ಟಿಕ್ಕಿನ ಮೂಲಕವೇ ಕಾರ್ಬನ್ ಡೈಆಕ್ಸೈಡ್ ಸ್ವಲ್ಪಸ್ವಲ್ಪವೇ ಹೊರಗೆ ಹೋಗುತ್ತಿರುತ್ತದೆ. ಸಣ್ಣ ಬಾಟಲಿಯಲ್ಲಿ ಇನ್ನೂ ಬೇಗ, ಸೆಕೆ ಜಾಸ್ತಿಯಾದರೆ ಮತ್ತೂ ಬೇಗ. ಅದಕ್ಕೇ 250 ಎಂಎಲ್‌ ಬಾಟಲಿಗೆ 2 ಲೀಟರಿನದಕ್ಕಿಂತ ಆಯಸ್ಸು ಕಡಿಮೆ. ಏಪ್ರಿಲ್‌ನಲ್ಲಿ ದಾವಣಗೆರೆ ಕಡೆ ತಗಡಿನ ಶೀಟಿನ ಗೋಡೌನಿನಲ್ಲಿ ಮಧ್ಯಾಹ್ನ ಹತ್ತು ನಿಮಿಷ ನಿಂತು ನೋಡಿ, ಆ ಬಾಟಲಿಗಳ ಗತಿ ಏನು ಅಂತ ಅರ್ಥವಾಗುತ್ತದೆ.

ಲೋಡ್ ಬಂದಾಗ ಜಾಗ ಇದ್ದಲ್ಲಿ ಹೊಸ ಕೇಸು ಜೋಡಿಸುತ್ತಾರೆ. ಹಳೆಯದು ಗೋಡೆ ಕಡೆ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಅಂಗಡಿಗಳಿಗೆ ಮಾಲು ಹಾಕುವ ಲೈನ್ ಗಾಡಿ ತುಂಬುವ ಅವಸರದಲ್ಲಿ ಕೈಗೆ ಸಿಕ್ಕಿದ್ದು ಹೋಗುತ್ತದೆ. ಕಂಪ್ಯೂಟರಿನಲ್ಲಿ ಸ್ಟಾಕ್ ಸರಿಯಾಗಿಯೇ ಇರುತ್ತದೆ, ಇನ್ನೂರು ಕೇಸ್ ಅಂತ. ಅದರಲ್ಲಿ ಯಾವ ತಿಂಗಳಿನದು ಎಷ್ಟು? ಕಂಪ್ಯೂಟರಿಗೆ ಗೊತ್ತಿಲ್ಲ.

ಯಾಕೆಂದರೆ 890ರಿಂದ ಶುರುವಾಗುವ ಆ 13 ಅಂಕಿಯ ಬಾರ್‌ಕೋಡ್‌ನಲ್ಲಿ ಇದು ಯಾವ ಮಾಲು, ಯಾವ ಸೈಜು ಅನ್ನುವುದಷ್ಟೇ ಇದೆ. ಬ್ಯಾಚ್ ನಂಬರು, ತಾರೀಖು ಎರಡೂ ಬಾಟಲಿಯ ಕುತ್ತಿಗೆ ಹತ್ತಿರ ಚುಕ್ಕೆಚುಕ್ಕೆ ಇಂಕಿನಲ್ಲಿ ಬೇರೆಯಾಗಿ ಇರುತ್ತವೆ. ಟಾರ್ಚ್ ಹಿಡಿದು ಕಣ್ಣಲ್ಲೇ ಓದಬೇಕು.

ಇವನ್ನೆಲ್ಲ ಒಟ್ಟಿಗೇ ಹಿಡಿಸಿಕೊಳ್ಳುವ ಕ್ಯೂಆರ್ ತರಹದ ಚೌಕದ ಕೋಡ್ ಈಗಾಗಲೇ ಇದೆ. 2027ರ ಕೊನೆಯೊಳಗೆ ಅಂಗಡಿಗಳ ಸ್ಕ್ಯಾನರ್‌ಗಳು ಅದನ್ನು ಓದುವಂತಾಗಬೇಕು ಅಂತ ಬಾರ್‌ಕೋಡ್ ನಿಯಮ ಮಾಡುವ ಜಿಎಸ್‌ವನ್ ಸಂಸ್ಥೆ ಗುರಿ ಇಟ್ಟುಕೊಂಡಿದೆ. ನನ್ನ ಕೇಳಿದರೆ ಅಂಗಡಿಗಿಂತ ಮೊದಲು ಅದು ಕೇಸಿನ ಮೇಲೆ ಬರಬೇಕು. ಇಳಿಸುವಾಗ ಒಂದು ಸ್ಕ್ಯಾನ್, ಹತ್ತಿಸುವಾಗ ಒಂದು ಸ್ಕ್ಯಾನ್. ಹಳೆಯದನ್ನು ಬಿಟ್ಟು ಹೊಸದನ್ನು ಎತ್ತಿದರೆ ಯಂತ್ರ ಅಲ್ಲೇ ಕೂಗಬೇಕು. ಟೆಂಪರೇಚರ್ ಸೆನ್ಸರ್ ಕೂಡ ಇದೇ ಲೆಕ್ಕಕ್ಕೆ ಸೇರಿದರೆ, ಜಾಸ್ತಿ ಬಿಸಿಯಲ್ಲಿದ್ದ ಸಾಲನ್ನು ಮೊದಲು ಖಾಲಿ ಮಾಡಬಹುದು. ತಗಡಿನ ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ ಅಲ್ವಾ, ಅದಕ್ಕೆ ನೆಟ್ ಇಲ್ಲದಾಗಲೂ ಕೆಲಸ ಮಾಡುವ ಸ್ಕ್ಯಾನರ್ರೇ ಬೇಕು.

ನನಗೆ ಇದು ಬೇಕೆನಿಸುವುದು ಹೆಚ್ಚಾಗಿ ಹಮಾಲಿಗಳಿಗೋಸ್ಕರ. 1 ಲೀಟರಿನ 12 ನೀರಿನ ಬಾಟಲಿ ಇರುವ ಒಂದು ಕೇಸ್ 12 ಕೆಜಿಗೂ ಮೇಲೆ ತೂಗುತ್ತದೆ. ಹಿಂದಿನ ಹಳೇ ಮಾಲು ತೆಗೆಯಲು ಮುಂದಿನ ಸಾಲನ್ನೆಲ್ಲ ಎತ್ತಿಡಬೇಕು, ಮತ್ತೆ ಜೋಡಿಸಬೇಕು. ಕೂಲಿ ಲೋಡಿನ ಲೆಕ್ಕದಲ್ಲಿದ್ದರೆ ಈ ಸುಮ್ನೆ ಎತ್ತಾಟಕ್ಕೆ ಒಂದು ರೂಪಾಯಿಯೂ ಸಿಗುವುದಿಲ್ಲ. ಎಲ್ಲಿ ಏನಿದೆ ಅಂತ ಮೊದಲೇ ಗೊತ್ತಾದರೆ ಅವರ ಬೆನ್ನು ಉಳಿಯುತ್ತದೆ. ಅದೇ ಸ್ಕ್ಯಾನರ್ ಇಟ್ಟುಕೊಂಡು ಯಾರು ಎಷ್ಟು ನಿಮಿಷ ಕೂತರು ಅಂತ ಲೆಕ್ಕ ಹಾಕಲು ಹೊರಟರೆ ಮಾತ್ರ ನಾನು ಒಪ್ಪುವುದಿಲ್ಲ.

ಕೋಡ್ ಅಚ್ಚಾಗಬೇಕಾದ್ದು ಕಂಪನಿಯ ಫ್ಯಾಕ್ಟರಿಯಲ್ಲಿ, ಪ್ಯಾಕ್ ಆಗುವಾಗಲೇ. ಡಿಸ್ಟ್ರಿಬ್ಯೂಟರುಗಳೇ, ಮುಂದಿನ ಟಾರ್ಗೆಟ್ ಮೀಟಿಂಗ್‌ನಲ್ಲಿ ಸ್ಕೀಮಿನ ಮಾತಿಗೆ ಮೊದಲು ಇದನ್ನೇ ಕೇಳೋಣ.