ಫೆರಿಟಿನ್ ‘2000ಕ್ಕಿಂತ ಜಾಸ್ತಿ’ ಅಂದ್ರೆ ಎಷ್ಟು?

ಹದಿನಾಲ್ಕು ವರ್ಷದಿಂದ ಲ್ಯಾಬ್ ಕೆಲಸ ನನ್ನದು. ಕಳೆದ ಮಳೆಗಾಲದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ.

ಐದು ವರ್ಷದ ಹುಡುಗ. ಒಂಬತ್ತು ದಿನದಿಂದ ಜ್ವರ, ಪ್ಲೇಟ್‌ಲೆಟ್ ಇಳೀತಾ ಇತ್ತು. ಊರೆಲ್ಲ ಡೆಂಗಿ, ಇದೂ ಡೆಂಗಿಯೇ ಅಂದುಕೊಂಡೆವು. ರಕ್ತದ ಮೇಲೆ ನಿಂತ ಸೀರಮ್ ತಿಳಿಹಳದಿ ಇರಬೇಕಿತ್ತು. ನೀರುಮಜ್ಜಿಗೆ ಹಾಗೆ ಮಬ್ಬಾಗಿತ್ತು. ಊಟ ಮಾಡಿಸಿ ಕರ್ಕೊಂಡು ಬಂದಿರಬೇಕು ಅಂತ ಸುಮ್ಮನಾದೆ. ಗಂಜಿಯೂ ಸೇರದ ಮಗು ಏನು ಊಟ ಮಾಡಿರುತ್ತೆ, ಅಷ್ಟೂ ಹೊಳೀಲಿಲ್ಲ. ಇಎಸ್‌ಆರ್, ಅಂದರೆ ಉರಿಯೂತ ಇದ್ದರೆ ಏರೋ ಸಂಖ್ಯೆ, ನಾಲ್ಕು ದಿನದ ಹಿಂದೆ 64 ಇದ್ದದ್ದು ಅವತ್ತು 9. ಇಳಿದಿದೆಯಲ್ಲ, ಒಳ್ಳೇದೇ ಅಂತ ಸಮಾಧಾನ ಬೇರೆ! ಉರಿಯೂತ ತೋರಿಸೋ ಇನ್ನೊಂದು ಟೆಸ್ಟ್ ಸಿಆರ್‌ಪಿ ಮಾತ್ರ ಇಳಿದಿರಲಿಲ್ಲ.

ಫೆರಿಟಿನ್ ಅಂದರೆ ಮೈಯಲ್ಲಿ ಕಬ್ಬಿಣ ಕೂಡಿಡೋ ಪ್ರೋಟೀನ್, ಉರಿಯೂತ ಜೋರಾದರೂ ಏರುತ್ತೆ. ನೋಡಿದರೆ 2000ಕ್ಕಿಂತ ಜಾಸ್ತಿ. ನಮ್ಮ ಮೆಷೀನ್ ಅದಕ್ಕಿಂತ ಮೇಲೆ ಓದುವುದಿಲ್ಲ. ಹಾಗೇ ಪ್ರಿಂಟ್ ಕೊಟ್ಟೆ. “ಅಣ್ಣಾ, ಇದು ಕಬ್ಬಿಣದ ಅಂಶ ಅಲ್ವಾ? ಜಾಸ್ತಿ ಇದ್ರೆ ಒಳ್ಳೇದೇ ತಾನೆ?” ಅಂದರು ಹುಡುಗನ ತಾಯಿ. “ಡಾಕ್ಟರಿಗೆ ತೋರಿಸಮ್ಮ” ಅಂದು ಮುಂದಿನ ಸ್ಯಾಂಪಲ್ ಎತ್ತಿಕೊಂಡೆ.

ಮರುದಿನ ಮಕ್ಕಳ ಡಾಕ್ಟರ್ ಫೋನ್ ಮಾಡಿದರು. “ಜಾಸ್ತಿ ಅಂದ್ರೆ ಎಷ್ಟ್ರೀ? 2100ಆ, 40 ಸಾವಿರಾನಾ?” ಫ್ರಿಜ್‌ನಲ್ಲಿದ್ದ ಸೀರಮ್ ತೆಗೆದು 50 ಪಟ್ಟು ಡೈಲ್ಯೂಟ್ ಮಾಡಿ, ಅಂದರೆ ತೆಳುವಾಗಿಸಿ ಹಾಕಿ, ಬಂದದ್ದನ್ನು 50ರಿಂದ ಗುಣಿಸಿದೆ. 31,400. ಅವತ್ತೇ ಸಂಜೆ ಹುಡುಗನನ್ನು ಬೆಂಗಳೂರಿಗೆ ಕಳಿಸಿದರು.

ಎಚ್‌ಎಲ್‌ಎಚ್ ಅಂತಾರೆ ಇದಕ್ಕೆ. ಪೂರ್ತಿ ಹೆಸರು ಹೀಮೋಫ್ಯಾಗೋಸಿಟಿಕ್ ಲಿಂಫೋಹಿಸ್ಟಿಯೋಸೈಟೋಸಿಸ್, ನನಗಿನ್ನೂ ಬಾಯಿಗೆ ಬಂದಿಲ್ಲ. ಸೋಂಕಿನ ಜೊತೆ ಹೋರಾಡೋ ಕಣಗಳು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನೇ ಮರೆತು ಮೈಯ ಮೇಲೇ ತಿರುಗಿ ಬೀಳುತ್ತವೆ. ಕೆಲವು ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಜೀನ್ ದೋಷ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆ ಇದನ್ನು ಮರೆಯೋ ಹಾಗಿಲ್ಲ. ಇನ್ನು ಕೆಲವರಿಗೆ ಡೆಂಗಿ, ಸ್ಕ್ರಬ್ ಟೈಫಸ್, ಇಬಿವಿ ವೈರಸ್ಸೇ ಕಿಡಿ ಹಚ್ಚಬಹುದು. ಅಂದರೆ ಡೆಂಗಿ ಪಾಸಿಟಿವ್ ಬಂದ ಮಾತ್ರಕ್ಕೆ ಇದು ಇಲ್ಲ ಅಂತ ಅಲ್ಲ.

ಈ ಕಾಯಿಲೆ ಗುರುತಿಸೋಕೆ ವೈದ್ಯರು ಬಳಸುವ 2004ರ ಪಟ್ಟಿಯಲ್ಲಿ ಎಂಟು ಅಂಶ, ಐದು ಕೂಡಿಬರಬೇಕು. ಅವುಗಳಲ್ಲಿ ಎಷ್ಟೋ ನನ್ನ ಮೇಜಿನ ಮೇಲೇ ಇದ್ದವು. ಸೀರಮ್ ಮಬ್ಬಾಗಿದ್ದು ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬಿನಿಂದ, 265 ದಾಟಿದರೆ ಲೆಕ್ಕಕ್ಕೆ ಬರುತ್ತೆ. ಇಎಸ್‌ಆರ್ ಇಳಿದದ್ದು ಮಗು ಸುಧಾರಿಸಿ ಅಲ್ಲ, ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್ ಫೈಬ್ರಿನೋಜೆನ್ ಖಾಲಿಯಾಗಿ. ಅದು ಇದ್ದರೆ ತಾನೆ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಟ್ಯೂಬಿನಲ್ಲಿ ಬೇಗ ಕೆಳಗಿಳಿಯೋದು! ಜ್ವರ ಜೋರಾಗಿದ್ದು ಇಎಸ್‌ಆರ್ ದಿಢೀರ್ ಬಿದ್ದರೆ ಈಗ ನನಗೆ ಎದೆ ಧಸಕ್ ಅನ್ನುತ್ತೆ.

ಫೆರಿಟಿನ್‌ಗೆ ಪಟ್ಟಿಯಲ್ಲಿರೋ ಗಡಿ ಬರೀ 500. ಅಷ್ಟನ್ನು ಬೇರೆ ಎಷ್ಟೋ ಕಾಯಿಲೆ ದಾಟಿಸುತ್ತವೆ, ಡೆಂಗಿಯೂ ಸೇರಿ. ಮಕ್ಕಳಲ್ಲಿ 10,000 ದಾಟಿತು ಅಂದರೆ ಮಾತ್ರ ಕಥೆ ಬೇರೆ. ಆಮೇಲೆ ಸ್ಟೀರಾಯ್ಡ್ ಶುರು ಮಾಡಿದಾಗ ಕೆಲಸ ಮಾಡ್ತಿದೆಯಾ ಅಂತ ನೋಡೋದಕ್ಕೂ ಇದೇ ಸಂಖ್ಯೆ ಬೇಕು. ‘2000ಕ್ಕಿಂತ ಜಾಸ್ತಿ’ ಇಟ್ಟುಕೊಂಡು ಡಾಕ್ಟರ್ ಏನು ಮಾಡಬೇಕು? ಆ ಕಣಗಳು ಎಷ್ಟು ಕೆರಳಿವೆ ಅಂತ ಹೇಳೋ ಸಾಲ್ಯುಬಲ್ ಸಿಡಿ25 ಥರದ ಟೆಸ್ಟ್ ನಮ್ಮಲ್ಲಿಲ್ಲ, ಸ್ಯಾಂಪಲ್ ಹೊರಗೆ ಕಳಿಸಿ ಕಾಯಬೇಕು. ಫೆರಿಟಿನ್ ಹಾಗಲ್ಲ, ನಮ್ಮಂಥ ಊರಲ್ಲೇ ಅವತ್ತಿಗವತ್ತೇ ಆಗುತ್ತೆ. ಡೈಲ್ಯೂಷನ್‌ಗೆ ಇನ್ನೊಂದರ್ಧ ಗಂಟೆ, ಅಷ್ಟೇ.

ನಮ್ಮ ಮೆಷೀನ್ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೇನೆ: ‘ಮಕ್ಕಳ ಫೆರಿಟಿನ್ ಮೇಲೆ ಹೋದರೆ ಡೈಲ್ಯೂಟ್ ಮಾಡಿ. ಪ್ರಿಂಟ್ ಕೊಡೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿ.’ ಟೆಸ್ಟಿನ ರಾಸಾಯನಿಕ, ಅದೇ ರೀಏಜೆಂಟ್, ಯಾಕೆ ಜಾಸ್ತಿ ಖರ್ಚಾಗ್ತಿದೆ ಅಂತ ಮ್ಯಾನೇಜರ್ ಲೆಕ್ಕ ಕೇಳಿದ್ದಾರೆ. ನಾಳೆ ಕೊಡ್ತೀನಿ.