ಕೆಂಪು ಡಬ್ಬಿ ಖಾಲಿ ಇದ್ದರೆ ಖುಷಿಪಡಬೇಡಿ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತಲಿನ ಸಣ್ಣ ಮಷೀನ್ ಶಾಪ್‌ಗಳಲ್ಲಿ ಗುಣಮಟ್ಟ ವ್ಯವಸ್ಥೆಯ ಐಎಸ್‌ಒ 9001 ಸರ್ಟಿಫಿಕೇಟಿಗೇನೂ ಬರವಿಲ್ಲ. ಸರ್ಟಿಫಿಕೇಟಿನ ಆಯಸ್ಸು ಮೂರು ವರ್ಷ, ನಡುವೆ ವರ್ಷಕ್ಕೊಂದು ಆಡಿಟ್. ಆಡಿಟ್ ವಾರ ಬಂತೆಂದರೆ ಹಬ್ಬಕ್ಕೆ ಸುಣ್ಣ ಬಳಿದ ಹಾಗೆ ನೆಲದ ಗೆರೆಗೆಲ್ಲ ಹಳದಿ ಪೇಂಟು. ಆಮೇಲೆ ಮಾಮೂಲು.

ಸರ್ಟಿಫಿಕೇಟು ಬಿಡಿ, ರಿಜೆಕ್ಟ್ ಪೀಸು ಹಾಕುವ ಕೆಂಪು ಡಬ್ಬಿ ಖಾಲಿ ಇದೆ ಅಂತಲೂ ನಂಬಬೇಡಿ, ಇನ್‌ಸ್ಪೆಕ್ಷನ್ ರಿಜಿಸ್ಟರ್ ತೆಗೆದು ನೋಡಿ. 25 ಎಂಎಂ ಶಾಫ್ಟು, ಡ್ರಾಯಿಂಗಿನಲ್ಲಿ ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವ ಗುರುತು ಸಣ್ಣ ಎಚ್, 7. ಅಂದರೆ 25.000 ದಾಟಬಾರದು, 24.979ಕ್ಕಿಂತ ಇಳಿಯಬಾರದು. ಒಟ್ಟು 21 ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಜಾಗ. ಲೋಹ ಕತ್ತರಿಸುವ ಮೊನೆ, ಅಂದರೆ ಇನ್ಸರ್ಟು, ಸವೆದ ಹಾಗೆ ಶಾಫ್ಟು ದಪ್ಪ ಆಗುತ್ತಾ ಹೋಗುತ್ತದೆ. ನಿಜವಾಗಿ ಅಳೆದಿದ್ದರೆ 24.984, 24.987, 24.991 ಅಂತ ರೀಡಿಂಗು ಮೆಟ್ಟಿಲು ಹತ್ತಬೇಕು, ಸವೆದಷ್ಟನ್ನು ಸರಿದೂಗಿಸಲು ಮಷೀನಿಗೆ ಆಫ್‌ಸೆಟ್ ಕೊಟ್ಟಾಗ ದಡಕ್ಕನೆ ಇಳಿಯಬೇಕು. ಎಂಟು ಗಂಟೆಯೂ 24.990 ಅಂತಿದ್ದರೆ ಅದು ಶಿಫ್ಟ್ ಮುಗಿಯುವಾಗ ಕೂತು ಬರೆದದ್ದು.

ಮಷೀನಿನಿಂದ ಆಗಷ್ಟೇ ಇಳಿದ ಬಿಸಿ ಪೀಸನ್ನೇ ಅಳೆಯುವುದು ಇನ್ನೊಂದು ಕಾಯಿಲೆ. ಅಳತೆಗೆ ಗೊತ್ತುಮಾಡಿರುವ ಉಷ್ಣತೆ 20 ಡಿಗ್ರಿ. ಅದಕ್ಕಿಂತ 40 ಡಿಗ್ರಿ ಹೆಚ್ಚು ಬಿಸಿಯಾದ ಈ ಶಾಫ್ಟು ಸುಮಾರು 11 ಮೈಕ್ರಾನ್ ಹಿಗ್ಗಿರುತ್ತದೆ. ಮಷೀನ್ ಪಕ್ಕದಲ್ಲಿ 24.985 ತೋರಿಸಿದ್ದು ತಣಿದ ಮೇಲೆ 24.974. ದಪ್ಪ ಇದ್ದರೆ ಇನ್ನೊಂದು ಕಟ್ ಕೊಡಬಹುದು, ಸಣ್ಣ ಆದದ್ದು ಸ್ಕ್ರ್ಯಾಪೇ. ಆಪರೇಟರಿಗೆ ಇದು ಗೊತ್ತಿಲ್ಲ ಅಂತಲ್ಲ. ತಣಿಯಲು ಬಿಟ್ಟರೆ ಪೀಸಿನ ಕೌಂಟ್ ಕಡಿಮೆಯಾಗುತ್ತದೆ, ದುಡ್ಡು ಕೌಂಟಿಗೆ ತಾನೇ? (20 ಮೈಕ್ರಾನ್‌ಗಿಂತ ಸಣ್ಣದನ್ನು ಓದಲಾಗದ ವರ್ನಿಯರ್ ಹಿಡಿದು ಈ 21 ಮೈಕ್ರಾನ್ ಅಳೆಯುವವರಿಗೆ ಏನು ಹೇಳೋಣ! ಮೈಕ್ರೋಮೀಟರ್ ಕೊಡಿಸಿ ಸ್ವಾಮಿ, ಒಂದು ಮೈಕ್ರಾನ್ ಓದುವಂಥದ್ದು.)

25.003 ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದವನಿಗೆ ಮೊದಲು ಬೈಗುಳ, ಆಮೇಲೆ ಇನ್ಸೆಂಟಿವ್ ಕಟ್. ಇನ್ನು ಯಾರು ಬರೆಯುತ್ತಾರೆ? ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಡೆಮಿಂಗ್ ಅವರ 14 ಅಂಶಗಳಲ್ಲಿ ಎಂಟನೆಯದೇ ಭಯ ಓಡಿಸಿ ಅನ್ನುವುದು. ಅವರ ಹೆಸರಿನ ಜಪಾನಿನ ಪ್ರಶಸ್ತಿ 2002ರಲ್ಲಿ ಇದೇ ಹೊಸೂರಿನ ಟಿವಿಎಸ್ ಮೋಟಾರಿಗೆ ಬಂದಿತ್ತು. ದೂರದ ಬೆಟ್ಟವೇನಲ್ಲ.

ಬೆಳಿಗ್ಗೆ ಹತ್ತು ನಿಮಿಷ ಓನರ್ ಕೆಂಪು ಡಬ್ಬಿ ಪಕ್ಕವೇ ನಿಲ್ಲಲಿ. ‘ಯಾರು ಮಾಡಿದ್ದು’ ಬೇಡ, ‘ಎಷ್ಟನೇ ಪೀಸಿಗೆ ಗೊತ್ತಾಯ್ತು’ ಅಂತ ಕೇಳಲಿ. ಐದನೇ ಪೀಸಿಗೇ ಮಷೀನ್ ನಿಲ್ಲಿಸಿದವನ ಇನ್ಸೆಂಟಿವ್ ಮುಟ್ಟಬೇಡಿ. ಕನ್ನಡ, ತಮಿಳು, ತೆಲುಗು, ಹಿಂದಿಯವರು ಒಟ್ಟಿಗೆ ದುಡಿಯುವ ಲೈನಿನಲ್ಲಿ ಇಂಗ್ಲಿಷ್ ಸೂಚನೆಯ ಹಾಳೆ ಅಂಟಿಸಿದರೆ ಗೋಡೆಗೆ ಮಾತ್ರ ಗೊತ್ತಾಗುತ್ತದೆ. ಫೋಟೋ ಮತ್ತು ಅಂಕಿ ಹಾಕಿ. ಮೊದಲ ತಿಂಗಳು ರಿಜೆಕ್ಷನ್ ಏರುತ್ತದೆ. ಅಡಗಿದ್ದದ್ದು ಈಚೆ ಬಂತು ಅಷ್ಟೇ. ಬಹಳ ಓನರ್‌ಗಳು ಇಲ್ಲೇ ಹೆದರಿ ಕೈಬಿಡುತ್ತಾರೆ.

ಅದನ್ನೂ ದಾಟಿದರು ಅನ್ನಿ. 30ನೇ ತಾರೀಕು, ಗಾಡಿ ಗೇಟಿನಲ್ಲಿದೆ, 200 ಪೀಸು ಅಳತೆ ತಪ್ಪಿ ಹೋಲ್ಡ್‌ನಲ್ಲಿದೆ. ಗಿರಾಕಿಗೆ ಫೋನ್ ಮಾಡಿ, ಇದ್ದದ್ದು ಹೇಳಿ, ಡೀವಿಯೇಶನ್, ಅಂದರೆ ಅಳತೆ ತಪ್ಪಿದ್ದನ್ನು ಒಪ್ಪಿಕೊಂಡ ಬರಹ, ಬರೆಸಿಕೊಂಡು ಕಳಿಸುವ ದಾರಿ ಇದೆ. ಅದು ಬಿಟ್ಟು ‘ಇದೊಂದು ಸಲ ಹಾಕಿ ಕಳಿಸ್ರಪ್ಪಾ’ ಅಂದರೆ ಸಾಕು, ಮಾರನೇ ದಿನ ರಿಜಿಸ್ಟರಿನಲ್ಲಿ ಮತ್ತೆ ಎಂಟು ಗಂಟೆಯೂ 24.990.