ಬಯಲು ಬರಡಲ್ಲ

ಜೀವವಲಯಗಳನ್ನು (ಕಾಡು, ಹುಲ್ಲುಗಾವಲು, ಮರುಭೂಮಿಯಂಥ ದೊಡ್ಡ ಪರಿಸರ ಪ್ರದೇಶಗಳನ್ನು) ಪರಿಚಯಿಸುವ, ನಾನು ಓದಿದ ಲೇಖನವೊಂದು ಹುಲ್ಲುಗಾವಲಿಗೆ ಆಫ್ರಿಕಾದ ಸವನ್ನಾವನ್ನಷ್ಟೇ ಉದಾಹರಿಸಿ, ನಮ್ಮ ಬಯಲುಸೀಮೆಯನ್ನು ಕಾಡು ನಾಶವಾಗಿ ಉಳಿದ ಬರಡು ನೆಲವೆಂದು ಕರೆದು, ಅಲ್ಲೆಲ್ಲ ಸಸಿ ನೆಡಬೇಕೆಂದು ಸಲಹೆ ನೀಡಿರುವುದನ್ನು ನಾನು ಒಪ್ಪಲಾರೆ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಕೇವಲ 798 ಎಕರೆಯಷ್ಟಿದ್ದರೂ ಜೀವಂತ ಹುಲ್ಲುಗಾವಲು. ದೂರದಿಂದಲೇ ಅಪಾಯವನ್ನು ಕಂಡು ಓಡಿ ಪಾರಾಗುವ ಕೃಷ್ಣಮೃಗಕ್ಕೆ ತೆರೆದ ಬಯಲೇ ರಕ್ಷಣೆ. ಅದು ಮೇಯ್ದರೂ ಹುಲ್ಲು ಸಾಯುವುದಿಲ್ಲ. ಚಿಗುರುವ ಭಾಗ ನೆಲಮಟ್ಟದಲ್ಲಿ ಇರುವುದರಿಂದ ಮಳೆ ಬಿದ್ದೊಡನೆ ಮತ್ತೆ ಬೆಳೆಯುತ್ತದೆ. ಆದರೆ ಇದೇ ಪ್ರಾಣಿ ಬಳ್ಳಾರಿ ಜಾಲಿಯ ಸಿಹಿಯಾದ ಕಾಯಿಗಳನ್ನು ತಿಂದು, ಬೀಜಗಳನ್ನು ಹಿಕ್ಕೆಯೊಂದಿಗೆ ಹರಡಿ, ಅಮೆರಿಕ ಖಂಡದಿಂದ ಬಂದ ಆ ಗಿಡ ತನ್ನ ಬಯಲನ್ನೇ ಮುಚ್ಚಿಹಾಕಲು ನೆರವಾಗುತ್ತಿರುವುದು ನನಗೆ ತೀವ್ರ ಕಳವಳ ತಂದಿದೆ. ಪ್ರಭೇದಗಳ ಪರಸ್ಪರ ಸಂಬಂಧವನ್ನು ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ನೆಲ ಮತ್ತು ನೀರಿನ ವಲಯಗಳನ್ನು ಲೇಖನ ಪೂರ್ತಿ ಬೇರ್ಪಡಿಸಿರುವುದೂ ಸರಿಯಲ್ಲ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ತರುವುದು ಕೆರೆಗಳಿಂದ. ಕೆರೆ ಬತ್ತಿದರೆ ಮರವಿದ್ದೂ ಪ್ರಯೋಜನವಿಲ್ಲ. ಸಸಿ ನೆಡುವ ಸಲಹೆಯಿಂದ ಸಹಜ ಹುಲ್ಲುಗಾವಲುಗಳನ್ನಾದರೂ ಹೊರಗಿಡಬೇಕೆಂದು ಲೇಖಕರಲ್ಲಿ ವಿನಂತಿಸುತ್ತೇನೆ.